ಉಪ್ಪಿನ ದೋಣಿಯ ಹಿಂದೆ ನಾಲ್ಕು ದಿನ

ನಮ್ಮ ಮನೆಯಲ್ಲಿ ಛತ್ರಿ ಇಡುವುದು ಒಂದು ಹಳೆಯ ಕೊಳಗದಲ್ಲಿ. ಮರದ್ದು. ಹೊರಗೆ ಎರಡು ಕಬ್ಬಿಣದ ಪಟ್ಟಿ. ಕೆಳಗಿನ ಪಟ್ಟಿ ತುಕ್ಕು ಹಿಡಿದು ಕಾಗದದಷ್ಟು ತೆಳ್ಳಗಾಗಿದೆ. ಮಳೆಗಾಲ ಬಂತೆಂದರೆ ಅದರ ಒಳಗೋಡೆ ಬೆವರುತ್ತದೆ. ಒದ್ದೆ ಛತ್ರಿಯ ನೀರು ಅಂತ ನಾನು ಅಂದುಕೊಂಡಿದ್ದೆ. ಹೋದ ವರ್ಷ ಅಮ್ಮ ಛತ್ರಿಗಳನ್ನೆಲ್ಲ ತೆಗೆದು ಖಾಲಿ ಕೊಳಗವನ್ನು ಮೂಲೆಯಲ್ಲಿಟ್ಟಿದ್ದಳು. ಆಗಲೂ ಅದು ಬೆವರಿತು. ಬೆರಳಾಡಿಸಿ ನಾಲಿಗೆಗೆ ಇಟ್ಟು ನೋಡಿದೆ. ಉಪ್ಪು.

"ಅದು ಉಪ್ಪು ಅಳೆಯೋ ಕೊಳಗ. ನನ್ನ ಮುತ್ತಜ್ಜಂದು" ಅಂದ ಅಪ್ಪ, ಪೇಪರಿನಿಂದ ತಲೆ ಎತ್ತದೆ.

ನಲವತ್ತು ವರ್ಷದಲ್ಲಿ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಕೇಳಿದರೆ "ನೀನು ಕೇಳಲಿಲ್ಲ" ಅಂದ. ಅವನಿಗೂ ಗೊತ್ತಿದ್ದದ್ದು ಸ್ವಲ್ಪವೇ. ಅವನ ಮುತ್ತಜ್ಜ ಉತ್ತರ ಕನ್ನಡದ ಅಘನಾಶಿನಿ ನದಿಯಲ್ಲಿ ದೋಣಿ ನಡೆಸುತ್ತಿದ್ದ. ಸಾಣಿಕಟ್ಟೆಯ ಉಪ್ಪು ಹೇರಿಕೊಂಡು ಹೊಳೆಯಲ್ಲಿ ಮೇಲೆ ಹೋಗುವುದು, ಅಡಿಕೆ ಮೆಣಸು ಹಾಕಿಕೊಂಡು ಕೆಳಗೆ ಬರುವುದು. ಅಜ್ಜನ ಕಾಲಕ್ಕೆ ವ್ಯಾಪಾರ ಬಿದ್ದುಹೋಗಿ, ಅವನು ಹುಬ್ಬಳ್ಳಿಗೆ ಬಂದು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯಲು ನಿಂತ. ಮನೆ ಯಾವ ಊರಲ್ಲಿತ್ತು? ಅಪ್ಪನಿಗೆ ಗೊತ್ತಿಲ್ಲ. ಎಲ್ಲಿಯವರು ಅಂತ ಕೇಳಿದವರಿಗೆ ಅಜ್ಜ "ಉಪ್ಪಿನ ದೋಣಿಯವರು" ಅನ್ನುತ್ತಿದ್ದನಂತೆ, ಅದೇ ಒಂದು ಊರಿನ ಹೆಸರು ಅನ್ನುವ ಹಾಗೆ.

ಹೀಗಾಗಿ ಫೆಬ್ರವರಿಯಲ್ಲಿ, ಭಾರತ ಹುಣ್ಣಿಮೆಯ ಹಿಂದಿನ ರಾತ್ರಿ, ಎಪ್ಪತ್ನಾಲ್ಕರ ಅಪ್ಪನನ್ನು ಕರೆದುಕೊಂಡು ಬೆಂಗಳೂರಿನಲ್ಲಿ ರೈಲು ಹತ್ತಿದೆ. ಅಪ್ಪ ಆ ಕೊಳಗವನ್ನೂ ಗೋಣಿಚೀಲದಲ್ಲಿ ಸುತ್ತಿ ತಂದಿದ್ದ. ಬೇಡ ಅಂದೆ. "ಗುರುತಿಗೆ ಬೇಕಲ್ಲ" ಅಂದ, ಯಾರೋ ಪಾಸ್‌ಪೋರ್ಟ್ ಕೇಳುವವರ ಹಾಗೆ.

ಮೊದಲ ದಿನ: ಸಾಣಿಕಟ್ಟೆ

ಕುಮಟಾದಲ್ಲಿ ಇಳಿದಾಗ ಮಂಜು. ಪ್ಲಾಟ್‌ಫಾರ್ಮಿನ ಆಚೆ ತುದಿ ಕಾಣಿಸುತ್ತಿರಲಿಲ್ಲ. ರೂಮಿನಲ್ಲಿ ಚೀಲ ಎಸೆದು, ಬನ್ಸು-ಭಾಜಿ ತಿಂದು, ಒಂದು ಕಾರು ಮಾಡಿಕೊಂಡು ಹೊರಟೆವು. ಎರಡನೇ ಬನ್ಸು ಬೇಡವಾಗಿತ್ತು ಅಂತ ಮಧ್ಯಾಹ್ನದ ತನಕ ಅನ್ನಿಸುತ್ತಲೇ ಇತ್ತು. ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು, ಹಾಗಾಗಿ ಗೋಕರ್ಣದ ರಸ್ತೆ ಖಾಲಿ. ಆ ಹೊತ್ತಿಗೆ ಈ ಕಡೆ ಬರುವವರು ಹಬ್ಬದ ವಾರ ಬಿಟ್ಟು ಬನ್ನಿ. ಜಾತ್ರೆಯ ಜನದಲ್ಲಿ ಸಾಣಿಕಟ್ಟೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಾದನಗೇರಿಯಲ್ಲಿ ಹೆದ್ದಾರಿ ಬಿಟ್ಟು ತಿರುಗಿದರೆ ಮುಂದೆ ರಸ್ತೆಯ ಪಕ್ಕ ಆಗರಗಳು ಶುರು. ಉಪ್ಪಿನ ಗದ್ದೆಗಳಿಗೆ ಇಲ್ಲಿ ಆಗರ ಅನ್ನುತ್ತಾರೆ. ಮಂಜು ಎದ್ದುಹೋದ ಹೊತ್ತು. ಒಂದೊಂದು ಮಡಿಯಲ್ಲೂ ಒಂದೊಂದು ತುಂಡು ಆಕಾಶ. ಬದುವಿನ ಮೇಲೆ ಬಿಳಿ ರಾಶಿಗಳು. ಕೆಲವಕ್ಕೆ ತೆಂಗಿನ ಗರಿ ಹೊದಿಸಿದ್ದರು.

ಬದುವಿನ ಮೇಲೆ ಒಬ್ಬ ಹಿರಿಯ ಕೆಲಸಗಾರ ಉದ್ದ ಹಿಡಿಕೆಯ ಮರದ ಹಲಗೆಯಿಂದ ಉಪ್ಪು ಎಳೆಯುತ್ತಿದ್ದ. ನೀರಿನ ತಳದಿಂದ ಉಪ್ಪು ಹಲಗೆಯ ಮುಂದೆ ಸರಿದು ಬರುವಾಗ ಒಂದು ಸದ್ದು ಬರುತ್ತದೆ, ತೆಳು ಗಾಜನ್ನು ಗೋಣಿಚೀಲದೊಳಗೆ ಅಲ್ಲಾಡಿಸಿದ ಹಾಗೆ. ಎಳೆಯುವುದರಲ್ಲಿ ಅವಸರವಿಲ್ಲ. ಜೋರಾಗಿ ಎಳೆದರೆ ತಳದ ಮಣ್ಣು ಎದ್ದು ಉಪ್ಪಿಗೆ ಸೇರುತ್ತದೆ. ಅದಕ್ಕೆ ಮೊದಲು ಮಡಿಯ ತಳವನ್ನು ಕಾಲಲ್ಲಿ ತುಳಿದು ತುಳಿದು ಸಿಮೆಂಟಿನ ಹಾಗೆ ಗಟ್ಟಿ ಮಾಡಬೇಕಂತೆ. ಮಳೆ ನಿಂತ ಮೇಲಿನ ದಿನಗಳೆಲ್ಲ ಈ ತುಳಿತಕ್ಕೇ ಹೋಗುತ್ತವೆ. ಆಮೇಲೆ ಭರತ, ಅಂದರೆ ಸಮುದ್ರದ ಉಬ್ಬರ, ಏರಿದಾಗ ಬಾಗಿಲು ತೆಗೆದು ಉಪ್ಪುನೀರು ಒಳಗೆ ಬಿಡುವುದು. ಒಂದು ಮಡಿಯಿಂದ ಇನ್ನೊಂದಕ್ಕೆ ಹಾಯಿಸುತ್ತ ಹೋದಂತೆ ನೀರು ಬಿಸಿಲಿಗೆ ದಪ್ಪವಾಗುತ್ತದೆ. ಕೊನೆಯ ಮಡಿಗೆ ಬರುವಾಗ ಅದು ನೀರಿನಂತೆ ಅಲುಗಾಡುವುದಿಲ್ಲ, ಎಣ್ಣೆಯಂತೆ. ಒಂದು ಹರಳು ಕೈಗೆ ತಗೊಂಡೆ. ಬೆಚ್ಚಗಿತ್ತು. ಬಣ್ಣ ಪೂರ್ತಿ ಬಿಳಿಯಲ್ಲ, ಹಾಲಿಗೆ ಒಂದು ಹನಿ ಚಹಾ ಬಿದ್ದ ಹಾಗೆ. ಇಲ್ಲಿನ ಕೆಸರಿನ ಬಣ್ಣ ಅದು.

ಅಪ್ಪ ಗೋಣಿಚೀಲ ಬಿಚ್ಚಿದ. ಆ ಹಿರಿಯ ಕೊಳಗವನ್ನು ತಿರುಗಿಸಿ ನೋಡಿ, ಒಳಗೆ ಕೈ ಹಾಕಿ, ಮೂಸಿದ.

"ಇದು ಯಾರದ್ದು?"

"ನಮ್ಮ ಹಿರಿಯರದ್ದು. ಉಪ್ಪಿನ ದೋಣಿ ಇಟ್ಟಿದ್ರು."

ಅವನು ನಕ್ಕ. ಎರಡು ಹಲ್ಲು ಇರಲಿಲ್ಲ. "ದೋಣಿಯವರಾ! ನಮ್ಮಜ್ಜಿ ಹೇಳ್ತಿತ್ತು. ದೋಣಿಯವ್ರು ಉಪ್ಪು ತಗೊಳ್ಳೋವಾಗ ಕೊಳಗದ ಮೇಲೆ ಗೋಪುರ ಬರೋ ಹಾಂಗೆ ತುಂಬ್ಸೂದು. ಮೇಲೆ ಹೋಗಿ ಮಾರೋವಾಗ ಬಾಯಿಗೆ ಕೋಲು ಆಡ್ಸಿ ಸಪಾಟು. ಆ ಗೋಪುರವೇ ಅವ್ರ ಲಾಭ."

ಅಪ್ಪನ ಮುಖ ನೋಡಬೇಕಿತ್ತು. ಬೆಂಗಳೂರಿನಿಂದ ಇಷ್ಟು ದೂರ ಬಂದು, ಮೊದಲ ದಿನವೇ, ಪೂರ್ವಜರ ಬಗ್ಗೆ ಸಿಕ್ಕ ಮೊದಲ ಮಾಹಿತಿ ಇದು! "ಎಲ್ರೂ ಹಾಗಿರಲ್ಲ" ಅಂದ ಮೆಲ್ಲಗೆ. ಆ ಹಿರಿಯ "ಇಲ್ಲ ಇಲ್ಲ, ನಿಮ್ಮವ್ರು ಹಾಂಗಲ್ಲ" ಅಂದು ಇನ್ನೂ ಜೋರಾಗಿ ನಕ್ಕ.

ಇಲ್ಲಿ ಉಪ್ಪಿಗೆ ಬೇರೆ ಕಥೆಗಳೂ ಇವೆ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಅಂಕೋಲಾದ ಹೆಸರು ಎಲ್ಲರಿಗೂ ಗೊತ್ತು. ಆದರೆ ಜನ ಸಾಣಿಕಟ್ಟೆಯ ಉಪ್ಪಿನ ರಾಶಿಗೂ ನುಗ್ಗಿದ್ದರು. ಆಗ ನಮ್ಮವರು ಯಾವ ಕಡೆ ಇದ್ದರೋ. ರಾಶಿಯಿಂದ ಹೊತ್ತು ತಂದವರ ಉಪ್ಪನ್ನು ದೋಣಿಗೆ ಹಾಕಿಕೊಂಡರೋ, ಪೊಲೀಸರನ್ನು ನೋಡಿ ದೋಣಿ ತಿರುಗಿಸಿದರೋ. ಅಪ್ಪ ಮೊದಲನೆಯದೇ ನಿಜ ಅಂತ ಆಗಲೇ ತೀರ್ಮಾನ ಮಾಡಿಬಿಟ್ಟ.

ಹೊರಡುವಾಗ ಅಪ್ಪ ಎರಡು ಚೀಲ ಉಪ್ಪು ತಗೊಂಡ. ತಲಾ ಹತ್ತು ಕಿಲೊ. ಯಾಕೆ ಅಂತ ಕೇಳಿದೆ. "ಸುಮ್ನೆ" ಅಂದ.

ಸಂಜೆ, ಹೊಳೆ ಸಮುದ್ರ ಸೇರುವ ತದಡಿಗೆ ಹೋಗಿ ಮರುದಿನಕ್ಕೆ ಒಂದು ಸಣ್ಣ ಮೀನುದೋಣಿ ಗೊತ್ತು ಮಾಡಿದೆವು. ಬಾಡಿಗೆಗಿಂತ ಮೊದಲು ಕೇಳಬೇಕಾದದ್ದು ಭರತ ಎಷ್ಟು ಹೊತ್ತಿಗೆ ಅಂತ. ನನಗೆ ಅದು ತಲೆಗೆ ಹೋಗಿರಲಿಲ್ಲ, ಹತ್ತು ಗಂಟೆಗೆ ಹೊರಡೋಣ ಅಂದೆ. ದೋಣಿಯ ಹುಡುಗ ಕನಿಕರದಿಂದ ನೋಡಿದ. "ಅಕ್ಕಾ, ನೀವು ಹೇಳಿದ ಹೊತ್ತಿಗೆ ಹೊಳೆ ಏರೂದಿಲ್ಲ."

ಎರಡನೇ ದಿನ: ಹೊಳೆ

ಬೆಳಿಗ್ಗೆ ಆರೂವರೆಗೆ ದೋಣಿಯಲ್ಲಿ ಕೂತಿದ್ದೆವು. ಇಳಿತ ಮುಗಿದು ನೀರು ನಿಂತಿತ್ತು. ನಿಂತಿದ್ದು ಎಷ್ಟು ಹೊತ್ತು ಅಂತ ಹೇಳುವುದು ಕಷ್ಟ. ದಡದ ಪಕ್ಕ ತೇಲುತ್ತಿದ್ದ ಒಂದು ಅಡಿಕೆ ಹಾಳೆ ಮೊದಲು ಸಮುದ್ರದ ಕಡೆ ಮುಖ ಮಾಡಿತ್ತು. ಆಮೇಲೆ ತಿರುಗದೆ ಸುಮ್ಮನೆ ಇತ್ತು. ಆಮೇಲೆ ಘಟ್ಟದ ಕಡೆ ಹೊರಟಿತು. "ಹಾಂ, ಬಂತು" ಅಂದ ಹುಡುಗ.

ಸಮುದ್ರ ಆರು ಗಂಟೆ ಹೊಳೆಯೊಳಗೆ ನುಗ್ಗುತ್ತದೆ, ಆರು ಗಂಟೆ ಹಿಂದೆ ಎಳೆಯುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಏರುವುದೂ ಜಾಸ್ತಿ, ಇಳಿಯುವುದೂ ಜಾಸ್ತಿ. ಎಂಜಿನ್ ಇಲ್ಲದ ಕಾಲದಲ್ಲಿ ತುಂಬಿದ ದೋಣಿಯನ್ನು ಮೇಲೆ ಒಯ್ಯುತ್ತಿದ್ದದ್ದು ಇದೇ ಭರತ. ಹುಟ್ಟು, ಗಳ, ಹಾಯಿ ಎಲ್ಲ ಅದಕ್ಕೆ ಸಹಾಯ ಮಾತ್ರ. ಅರ್ಧ ದಾರಿಯಲ್ಲಿ ಇಳಿತ ಶುರುವಾದರೆ ದಡಕ್ಕೆ ಕಟ್ಟಿ ಅನ್ನ ಬೇಯಿಸಿಕೊಂಡು ಕೂರುವುದು. ಮಧ್ಯರಾತ್ರಿ ಭರತ ಬಂದರೆ ಮಧ್ಯರಾತ್ರಿಯೇ ಹೊರಡುವುದು. ಅಪ್ಪನಿಗೆ ಈಗಲೂ ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ. ವಯಸ್ಸಿನ ಕಾಟ ಅಂತ ಡಾಕ್ಟರು ಹೇಳಿದ್ದಾರೆ. ಅವನಿಗೆ ಇವತ್ತು ಬೇರೆ ಕಾರಣ ಸಿಕ್ಕಿತು.

ನದಿ ಇಲ್ಲಿ ನದಿಯ ಹಾಗೆ ಇಲ್ಲ, ಸರೋವರದ ಹಾಗೆ ಹರಡಿಕೊಂಡಿದೆ. ನಡುವೆ ಕುರ್ವೆಗಳು. ಹೊಳೆ ನಡುವಿನ ದ್ವೀಪಕ್ಕೆ ಇಲ್ಲಿ ಕುರ್ವೆ ಅನ್ನುತ್ತಾರೆ. ಮಾಸೂರಕುರ್ವೆ, ಐಗಳಕುರ್ವೆ. ದಡದ ಉದ್ದಕ್ಕೂ ಕಾಂಡ್ಲಾ ಗಿಡಗಳು, ಬೇರುಗಳನ್ನು ಕೆಸರಿಗೆ ಊರಿಕೊಂಡು. ಅದರಾಚೆ ಗಜನಿ ಭೂಮಿ. ಉಪ್ಪುನೀರು ಬಂದು ಹೋಗುವ ಗದ್ದೆಗಳು. ಅಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಿದ್ದರು, ಉಪ್ಪುನೀರಿಗೆ ತಲೆ ಬಾಗದ ಭತ್ತ. ಮಾಣಿಕಟ್ಟೆಯ ಕಡೆ ಈಗಲೂ ಬೆಳೆಯುವವರಿದ್ದಾರೆ. ಮೊದಲಿನಷ್ಟಿಲ್ಲ, ಸಿಗಡಿ ಸಾಕುವುದರಲ್ಲಿ ದುಡ್ಡು ಜಾಸ್ತಿ. ಇಲ್ಲಿ ಅದಕ್ಕೆ ಶೆಟ್ಲಿ ಅನ್ನುತ್ತಾರೆ.

ಶಿರಸಿಯ ಹತ್ತಿರ ಹುಟ್ಟಿ ಇಲ್ಲಿಗೆ ಬಂದು ಸಮುದ್ರ ಸೇರುವ ತನಕ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟು ಇಲ್ಲ. ಪಕ್ಕದ ಶರಾವತಿಯನ್ನು ನೋಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಈ ಅಳಿವೆಯ 4,801 ಹೆಕ್ಟೇರ್ ಜಾಗಕ್ಕೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿದೆ. ದೋಣಿಯ ಹುಡುಗನಿಗೆ ಅದು ಗೊತ್ತಿತ್ತು. "ಬೋರ್ಡು ಹಾಕಿದ್ರೆ ಬೆಳಚು ಜಾಸ್ತಿ ಆಗ್ತದ್ಯಾ?" ಅಂತ ಕೇಳಿದ. ಬೆಳಚು ಅಂದರೆ ಹೊಳೆಯ ಚಿಪ್ಪುಮೀನು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೊಂಕಣ ರೈಲಿನ ಸೇತುವೆ, ಹೆದ್ದಾರಿಯ ಸೇತುವೆ. ಲಾರಿಗಳು ಒಂದರ ಹಿಂದೆ ಒಂದು ತಲೆಯ ಮೇಲೆ ಓಡುತ್ತಿದ್ದವು. ಎಣಿಸೋಣ ಅಂತ ಶುರು ಮಾಡಿದ ಅಪ್ಪ ಇಪ್ಪತ್ತಕ್ಕೆ ಬಿಟ್ಟ. "ಇದರಲ್ಲಿ ಒಂದು ಲಾರಿ ನಮ್ಮ ಮುತ್ತಜ್ಜನ ಒಂದು ವರ್ಷ" ಅಂದ.

ಹತ್ತು ಗಂಟೆಗೆ ಮಿರ್ಜಾನಿನ ಹತ್ತಿರ ಇಳಿದೆವು. ಕೋಟೆ ನೋಡಲೇಬೇಕು. ಕೆಂಪು ಮುರಕಲ್ಲಿನ ಗೋಡೆಗಳ ಮೇಲೆ ಹಾವಸೆ ಒಣಗಿ ಕಪ್ಪಾಗಿತ್ತು. ಮಳೆಗಾಲದಲ್ಲಿ ಬಂದರೆ ಇಡೀ ಕೋಟೆ ಹಸಿರು ಚಾದರ ಹೊದ್ದ ಹಾಗಿರುತ್ತದೆ, ಫೋಟೋದವರೆಲ್ಲ ಆಗಲೇ ಬರುವುದು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿಕೊಂಡಿದೆ. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಅಂತ ಕರೆದರು. ಘಟ್ಟದಿಂದ ಮೆಣಸು ಇಳಿದು, ಹೊಳೆಯಲ್ಲಿ ತೇಲಿ, ಸಮುದ್ರ ದಾಟಿ ಹೋಗುತ್ತಿದ್ದ ದಾರಿಯ ಮೇಲೆ ಕೂತ ಕೋಟೆ ಇದು. ಒಳಗಿನ ಬಾವಿಗಳನ್ನು ನೋಡುತ್ತ ಅಪ್ಪ ಹೊತ್ತು ಮರೆತ. ಆಮೇಲೆ ಊಟ. ಆಮೇಲೆ ಊಟದ ಮೇಲಿನ ಎಲೆ ಅಡಿಕೆ. ಕೋಟೆಯೊಳಗೆ ನೆರಳೂ ಕಡಿಮೆ, ನೀರೂ ಸಿಗುವುದಿಲ್ಲ. ಬಾಟಲಿ ಇಟ್ಟುಕೊಳ್ಳಿ. ನಮ್ಮದು ದೋಣಿಯಲ್ಲೇ ಉಳಿದಿತ್ತು.

ಹುಡುಗ ಒಂದು ಗಂಟೆಗೇ ಹೊರಡಬೇಕು ಅಂದಿದ್ದ. ನಾವು ಹೊರಟಾಗ ಮೂರೂವರೆ.

ಇಳಿತದ ಜೊತೆ ದೋಣಿ ಚೆನ್ನಾಗಿಯೇ ಓಡಿತು. ಹೊತ್ತು ಉಳಿಸಲು ಅವನು ಮಾಸೂರಕುರ್ವೆಯ ಪಕ್ಕದ ಸಣ್ಣ ದಾರಿ ಹಿಡಿದ. ಐದು ಗಂಟೆ ದಾಟಿತ್ತು. ಮೊದಲು ಎಂಜಿನ್ನಿನ ಸದ್ದು ಬದಲಾಯಿತು. ಆಮೇಲೆ ಕೆಸರು ಮೇಲೆ ಬಂತು, ಕಪ್ಪು ಪಾಯಸದ ಹಾಗೆ. ಆಮೇಲೆ ನಿಂತೇಬಿಟ್ಟೆವು. ಹುಡುಗ ಗಳ ಊರಿ ನೂಕಿದ. ಗಳ ಮೊಣಕೈವರೆಗೆ ಕೆಸರಿಗೆ ಹೋಯಿತು, ದೋಣಿ ಅಲುಗಲಿಲ್ಲ. ಇಳಿದು ನೂಕುತ್ತೇನೆ ಅಂತ ನಾನು ಕಾಲು ಇಟ್ಟೆ. ತೊಡೆಯ ತನಕ ಮುಳುಗಿದೆ. ಕಾಲು ವಾಪಸ್ ಬಂತು, ಚಪ್ಪಲಿ ಬರಲಿಲ್ಲ. ಅದು ಇನ್ನೂ ಅಲ್ಲೇ ಇದೆ.

"ಇನ್ನು ಭರತ ಬರೂ ತನಕ ಕೂರೂದೆ" ಅಂದ ಹುಡುಗ. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಮೂರ್ನಾಲ್ಕು ಗಂಟೆ ಕೂತೆವು. ಸ್ವಲ್ಪ ದೂರದಲ್ಲಿ ನಾಲ್ಕೈದು ಹೆಂಗಸರು ಸೊಂಟದ ತನಕ ನೀರಲ್ಲಿ ನಿಂತು ಬೆಳಚು ಆರಿಸುತ್ತಿದ್ದರು. ಕಣ್ಣು ನೀರನ್ನು ನೋಡುವುದೇ ಇಲ್ಲ. ಪಾದದಲ್ಲಿ ತಡವಿ, ಚಿಪ್ಪು ಸಿಕ್ಕಿತೆಂದರೆ ಬಗ್ಗಿ ತೆಗೆದು ಬುಟ್ಟಿಗೆ. ಬುಟ್ಟಿ ಪಕ್ಕದಲ್ಲೇ ತೇಲುತ್ತ ಅವರ ಜೊತೆಗೆ ಬರುತ್ತದೆ. ಬಾಯಿ ಮಾತ್ರ ಪೂರ್ತಿ ಬೇರೆ ಕೆಲಸದಲ್ಲಿತ್ತು, ಯಾರದೋ ಮದುವೆಯ ಸುದ್ದಿ. ನಮ್ಮನ್ನು ನೋಡಿ ಒಬ್ಬಳು ಕೂಗಿದಳು, "ಅಜ್ಜಾ, ಮನೆಗೆ ಹೋಗೂದಿಲ್ಲಾ?"

"ನಾವು ದೋಣಿಯವರೇ!" ಅಂತ ಅಪ್ಪ ತಿರುಗಿ ಕೂಗಿದ.

ಆ ನಗು ಇಡೀ ಹೊಳೆಗೆ ಕೇಳಿಸಿತು.

ಕತ್ತಲಾದ ಮೇಲೆ ದೋಣಿ ಒಮ್ಮೆ ನಿಟ್ಟುಸಿರು ಬಿಟ್ಟ ಹಾಗೆ ಅಲುಗಿತು. ಘಟ್ಟದ ಮೇಲೆ ಚಂದ್ರ ಬಂದಿದ್ದ, ಹುಣ್ಣಿಮೆಯ ಮರುದಿನದ್ದು, ಒಂದು ಬದಿ ಸ್ವಲ್ಪವೇ ಸವೆದದ್ದು. ಹುಡುಗ ಎಂಜಿನ್ ಹಾಕದೆ ಗಳದಲ್ಲೇ ಮೆಲ್ಲಗೆ ಹೊರಗೆ ತಂದ. ಬಾಡಿಗೆಯ ಮೇಲೆ ಇನ್ನೂ ಅಷ್ಟು ಕೊಟ್ಟೆ. ಬೇಡ ಅನ್ನಲಿಲ್ಲ, ಅನ್ನಬಾರದು ಕೂಡ.

ಮೂರನೇ ದಿನ: ಕುಮಟಾ

ಈ ದಿನದ ಬಗ್ಗೆ ಬರೆಯಲು ಜಾಸ್ತಿ ಇಲ್ಲ. ಬೆಳಿಗ್ಗೆ ಒಂದು ಜೊತೆ ಚಪ್ಪಲಿ ಕೊಂಡೆ. ಹಳೆ ದಾಖಲೆ ಸಿಗಬಹುದೇನೋ ಅಂತ ಒಂದು ಕಚೇರಿಗೆ ಹೋದೆವು. ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇನ್ನೊಂದು ಕಿಟಕಿಗೆ. ಸರ್ವೆ ನಂಬರ್ ಕೊಡಿ ಅಂದರು. ದೋಣಿಗೆ ಎಲ್ಲಿಯ ಸರ್ವೆ ನಂಬರ್? ಜಮೀನು ಇಲ್ಲದವನ ಹೆಸರು ಜಮೀನಿನ ಕಾಗದದಲ್ಲಿ ಇರುವುದಿಲ್ಲ. ಇದು ಹೊರಡುವ ಮೊದಲೇ ನಮಗೆ ಹೊಳೆಯಬೇಕಿತ್ತು.

ಬಿಸಿಲಿಗೆ ಸುಸ್ತಾಗಿ ಪೇಟೆಯ ಒಂದು ಹಳೆಯ ಕಿರಾಣಿ ಅಂಗಡಿಯ ಜಗಲಿಯಲ್ಲಿ ಕೂತೆವು. ಮುರುಗಲ ಶರಬತ್ತು ಸಿಕ್ಕಿತು. ಅಂಗಡಿಯ ಯಜಮಾನರಿಗೆ ಎಂಬತ್ತರ ಮೇಲೆ. ಕೊಳಗದ ಕಥೆ ಕೇಳಿ ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಅಲ್ಲಿಂದ ಎರಡು ಗಂಟೆ ಕುಮಟೆಯ ವ್ಯಾಪಾರದ ಪುರಾಣ.

1861ರಿಂದ 65ರ ತನಕ ಅಮೆರಿಕದಲ್ಲಿ ಅಂತರ್ಯುದ್ಧ. ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಇಲ್ಲ. ಧಾರವಾಡ ಹುಬ್ಬಳ್ಳಿಯ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಂತು, ಇಲ್ಲಿಂದ ಹಡಗಿನಲ್ಲಿ ಮುಂಬೈಗೆ. ಬೆಳೆದದ್ದು ಬಯಲುಸೀಮೆಯಲ್ಲಿ, ಹೆಸರು ಮಾತ್ರ ಕುಮಟಾ ಹತ್ತಿ. ಇಂಗ್ಲೆಂಡಿನ ಪೇಟೆಯಲ್ಲೂ ಅದೇ ಹೆಸರು. 1862ರಲ್ಲಿ ಜಿಲ್ಲೆಯ ಈ ಭಾಗವನ್ನು ಮದ್ರಾಸಿನಿಂದ ತೆಗೆದು ಮುಂಬೈಗೆ ಸೇರಿಸಿದ್ದರ ಹಿಂದೆಯೂ ಹತ್ತಿಯ ಲೆಕ್ಕ ಇತ್ತು. ಆಮೇಲೆ 1880ರ ದಶಕದ ಕೊನೆಗೆ ಗೋವಾದ ಮಾರ್ಮಗೋವಾ ಬಂದರಿಗೆ ರೈಲು ಬಂತು. ಹತ್ತಿ ಅತ್ತ ತಿರುಗಿತು. "ಕುಮಟೆ ಕೂತಲ್ಲೇ ಕೂತಿತು" ಅಂದರು ಯಜಮಾನರು, ಅವರೂ ಅಷ್ಟೇ ಗಟ್ಟಿಯಾಗಿ ಕೂತು.

"ಉಪ್ಪಿನ ದೋಣಿ ಮಾತ್ರ ಆಮೇಲೂ ಇತ್ತು. ಉಪ್ಪಿಲ್ದೆ ಘಟ್ಟದವರು ಏನು ಮಾಡ್ತಾರೆ? ರಸ್ತೆ ಆಗಿ ಲಾರಿ ಬಂದ ಮೇಲೆ ಅದೂ ಹೋಯ್ತು."

ಎಲ್ಲೂ ಹೆಸರು ಸಿಗಲಿಲ್ಲ ಅಂತ ಅಪ್ಪ ಗೊಣಗಿದ. ಅವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ ಮಾತು ನನಗೆ ಇಡೀ ಪ್ರವಾಸದಲ್ಲಿ ತುಂಬ ಹಿಡಿಸಿತು. "ಮಾರಿದವನ ಲೆಕ್ಕ ಹೊಳೆಗೆ ಹೋಗ್ತದೆ ಮಾರಾಯ್ರೇ. ಕೊಂಡವನ ಲೆಕ್ಕ ಅಟ್ಟದ ಮೇಲಿರ್ತದೆ. ನೀವು ತಪ್ಪು ದಡದಲ್ಲಿ ಹುಡುಕ್ತಿದ್ದೀರಿ."

ಉಪ್ಪಿನಪಟ್ಟಣದ ಕಡೆ ಅವರ ಹಳೆಯ ಗಿರಾಕಿಯೊಬ್ಬರ ತೋಟ ಇತ್ತು. ಅಲ್ಲೇ ಕೂತು ಫೋನ್ ಮಾಡಿದರು.

ನಾಲ್ಕನೇ ದಿನ: ಉಪ್ಪಿನಪಟ್ಟಣ

ಹೆಸರೇ ಎಲ್ಲ ಹೇಳುತ್ತದೆ, ಅಲ್ವಾ? ಉಪ್ಪು ಬೆಳೆಯದ, ಸಮುದ್ರ ಕಾಣದ, ಅಡಿಕೆ ತೋಟದ ನಡುವಿನ ಊರಿಗೆ ಉಪ್ಪಿನಪಟ್ಟಣ ಅಂತ ಹೆಸರು. ಭರತದ ನೀರು ಹೊಳೆಯಲ್ಲಿ ಏರಿ ಬರುವುದು ಇಲ್ಲಿಯ ತನಕ. ದೋಣಿಯೂ ಇಲ್ಲಿಯ ತನಕ. ಮುಂದೆ ಕಲ್ಲು, ಹರಿವು. ಇನ್ನೂ ಮೇಲೆ ಹೋದರೆ ಇದೇ ನೀರು ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಬೀಳುತ್ತದೆ. ಉಪ್ಪನ್ನು ಇಲ್ಲಿ ಇಳಿಸಿ ಹೇರೆತ್ತುಗಳ ಬೆನ್ನಿಗೆ ಹಾಕಿ ಘಟ್ಟ ಹತ್ತಿಸುತ್ತಿದ್ದರು. ಅವೇ ಎತ್ತುಗಳ ಮೇಲೆ ಅಡಿಕೆ ಮೆಣಸು ಇಳಿದು ಬರುತ್ತಿತ್ತು.

ಈ ಕಡೆಗೆ ಬಸ್ಸು ಕಡಿಮೆ, ಫೋನ್ ಸಿಗ್ನಲ್ ಅದಕ್ಕಿಂತ ಕಡಿಮೆ. ನಾವು ಮತ್ತೆ ಕಾರು ಮಾಡಿಕೊಂಡೆವು. ಅಪ್ಪ ಮೊದಲು ಹೊಳೆಗೆ ಹೋಗೋಣ ಅಂದ. ಮೊನ್ನೆ ಕಿಲೋಮೀಟರ್ ಅಗಲ ಇದ್ದ ನೀರು ಇಲ್ಲಿ ತೋಟದ ನೆರಳಿನಲ್ಲಿ ಕಲ್ಲುಗಳ ನಡುವೆ ಮೆಲ್ಲಗೆ ಹರಿಯುತ್ತಿತ್ತು. ತಳದ ಮರಳು ಕಾಣುತ್ತಿತ್ತು. ಅಪ್ಪ ಬಗ್ಗಿ ಬೊಗಸೆಯಲ್ಲಿ ತಗೊಂಡು ಕುಡಿದ. "ಸಿಹಿ" ಅಂದ. ಒಂದು ಕಲ್ಲಿನ ಮೇಲೆ ಕೂತ. ಇಲ್ಲೇ ದೋಣಿ ಕಟ್ಟುತ್ತಿದ್ದರು ಅನ್ನುವುದಕ್ಕೆ ಒಂದು ಗೂಟ ಕೂಡ ಇಲ್ಲ. ನಾನು ಫೋಟೋ ತೆಗೆದೆ. ಅದರಲ್ಲಿ ಅಪ್ಪ, ಕಲ್ಲು, ನೀರು. ಯಾವ ಹೊಳೆ ಅಂತ ಹೇಳಲು ಸಾಧ್ಯವಿಲ್ಲ.

ಮನೆಯ ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದರು. ಬದಿಯಲ್ಲಿ ಸುತ್ತಿಕೊಂಡು ಹೋಗಿ ಜಗಲಿ ಹತ್ತಿದೆವು.

"ಬನ್ನಿ, ಬನ್ನಿ. ಆಸ್ರಿಗೆ ಎಂತ ಆಗ್ತು? ಮಜ್ಜಿಗೆ? ಬೆಲ್ಲ ನೀರು?"

ಮನೆಯ ಭಟ್ಟರು ಅಪ್ಪನ ವಯಸ್ಸಿನವರೇ. ಮಜ್ಜಿಗೆ ಬಂತು, ಕವಳದ ತಟ್ಟೆ ಬಂತು. ಅಪ್ಪ ಅಡಿಕೆ ಬಾಯಿಗೆ ಹಾಕಿಕೊಂಡ ಮೇಲೆಯೇ ಮಾತು ಶುರುವಾದದ್ದು. ಅವರ ಮಗ ಅಟ್ಟದಿಂದ ಒಂದು ಗಂಟು ಇಳಿಸಿದ. ಬಟ್ಟೆ ಬಿಚ್ಚಿದಾಗ ಹೊಗೆಯ ವಾಸನೆ. ಅಡುಗೆ ಒಲೆಯ ಹೊಗೆ ಹೋಗುವ ಜಾಗದಲ್ಲಿ ಇಟ್ಟಿದ್ದರಂತೆ, ಹುಳ ಹಿಡಿಯದಿರಲಿ ಅಂತ. ಆದರೂ ಒರಲೆ ತನ್ನ ಪಾಲು ತಿಂದಿತ್ತು.

ಕಿರ್ದಿ ಪುಸ್ತಕಗಳು. ಉದ್ದ, ಕಿರಿದು, ಮೇಲಕ್ಕೆ ಮಡಚುವಂಥವು. ಕನ್ನಡವೇ, ಆದರೆ ಮೋಡಿ ಬರಹ. ಅಕ್ಷರ ಒಂದಕ್ಕೊಂದು ಕೈ ಹಿಡಿದುಕೊಂಡು ಓಡುತ್ತವೆ. ನನಗೆ ಒಂದು ಶಬ್ದವೂ ಹತ್ತಲಿಲ್ಲ. ಭಟ್ಟರು ಬೆರಳಿಟ್ಟು ಓದುತ್ತ ಹೋದರು. ಕೊಬ್ಬರಿ ಇಷ್ಟು. ಆಳಿಗೆ ಇಷ್ಟು. ದೇವಸ್ಥಾನಕ್ಕೆ ಇಷ್ಟು. ಒಂದು ಪುಟದಲ್ಲಿ ನಿಂತರು.

"ಉಪ್ಪಿನ ದೋಣಿ, ತದಡಿ. ಉಪ್ಪು ಕೊಳಗ ನಲವತ್ತು."

ಅಪ್ಪ ಎದ್ದು ನಿಂತ.

ಪುಟದ ಮೇಲೆ ಪ್ಲವ ಸಂವತ್ಸರ ಅಂತ ಇತ್ತು. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಹಾಗಾದರೆ ಇದು 1901 ಇರಬಹುದು, 1961 ಕೂಡ ಇರಬಹುದು. ಇಲ್ಲಿ ನನ್ನ ಬುದ್ಧಿ ಒಂದು ಸಲ ಕೆಲಸಕ್ಕೆ ಬಂತು. ಮೊತ್ತ ಬರೆದಿದ್ದು ರೂಪಾಯಿ, ಆಣೆ, ಪೈಯಲ್ಲಿ. 1957ಕ್ಕೆ ನಯಾ ಪೈಸೆ ಬಂದಾಗಿತ್ತು. 1901 ಅನ್ನಿಸುತ್ತದೆ ಅಂದೆ. "ನಮ್ಮಪ್ಪ ಅರವತ್ತೊಂದರಲ್ಲೂ ಆಣೆಯಲ್ಲೇ ಬರೀತಿದ್ದ" ಅಂದರು ಭಟ್ಟರು. ನನ್ನ ಬುದ್ಧಿ ಅಲ್ಲಿಗೆ ವಾಪಸ್. ಆದರೆ ಅಕ್ಷರ ತಮ್ಮ ಅಪ್ಪನದಲ್ಲ, ಅಜ್ಜನದ್ದು ಅಂತ ಅವರೇ ಹೇಳಿದ ಮೇಲೆ 1901ಕ್ಕೆ ಒಪ್ಪಿದೆವು.

"ಹೆಸರು?" ಅಪ್ಪ ಕೇಳಿದ.

"ಹೆಸರಿಲ್ಲೆ. ಎಲ್ಲ ಕಡೆ ಉಪ್ಪಿನ ದೋಣಿ ಅಂತಲೇ ಬರದ್ದ."

ನಮ್ಮವನೇ ಇರಬಹುದು. ಆ ಕಾಲದಲ್ಲಿ ಈ ಹೊಳೆಯಲ್ಲಿದ್ದ ಇನ್ಯಾವುದೋ ಉಪ್ಪಿನ ದೋಣಿಯೂ ಇರಬಹುದು. ಸಾಕ್ಷಿ ಇಲ್ಲ ಅಂತ ನಾನು ಅಪ್ಪನಿಗೆ ಆಗಲೇ ಹೇಳಿದೆ. ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಯಾಕೆಂದರೆ ಭಟ್ಟರು ಮುಂದಿನ ಸಾಲು ಓದಿದ್ದರು. "ಬಾಕಿ, ಮೂರು ರೂಪಾಯಿ ಆರಾಣೆ."

ಯಾರು ಯಾರಿಗೆ ಬಾಕಿ? ಸರಿಯಾಗಿ ಅಲ್ಲೇ ಒರಲೆ ತಿಂದಿತ್ತು. ಪುಟದಲ್ಲಿ ಒಂದು ತೂತು, ಕಡಲೆಬೇಳೆಯಷ್ಟು. ಜಮಾ ಕಡೆಯೋ, ಖರ್ಚಿನ ಕಡೆಯೋ ಗೊತ್ತಾಗುವುದಿಲ್ಲ.

"ನಮ್ಮವರು ಬಾಕಿ ಇಡೋ ಜನ ಅಲ್ಲ" ಅಂದ ಅಪ್ಪ.

"ನಮ್ಮಜ್ಜನೂ ಉಪ್ಪಿನ ದುಡ್ಡು ಇಟ್ಟುಕೊಂಡವನಲ್ಲ" ಅಂದರು ಭಟ್ಟರು.

ಊಟಕ್ಕೆ ಎಲೆ ಹಾಕುವ ತನಕ ಇದೇ ನಡೆಯಿತು. ಅಡಿಕೆ ಮುಂಗಡ ತಗೊಂಡಿರಬೇಕು. ಇಲ್ಲ, ಉಪ್ಪಿಗೆ ಅರ್ಧ ದುಡ್ಡು ಕೊಟ್ಟು ಉಳಿದದ್ದು ಮುಂದಿನ ದೋಣಿಗೆ ಅಂದಿರಬೇಕು. ಮಗನಿಗೂ ನನಗೂ ನಗು ತಡೆಯುವುದೇ ಕೆಲಸವಾಯಿತು. ಇಬ್ಬರು ಮುದುಕರು ಇಷ್ಟು ಸಂತೋಷದಿಂದ ಜಗಳ ಆಡಿದ್ದನ್ನು ನಾನು ನೋಡಿರಲಿಲ್ಲ.

ಊಟಕ್ಕೆ ಅಪ್ಪೆಹುಳಿ. ಅಪ್ಪೆಮಿಡಿಯನ್ನು, ಅಂದರೆ ಪರಿಮಳದ ಎಳೆ ಮಾವನ್ನು, ಬೇಯಿಸಿ ಕಿವುಚಿ, ಮೆಣಸು, ಇಂಗಿನ ಒಗ್ಗರಣೆ. ಲೋಟದಲ್ಲಿ ಕುಡಿದೆ, ಆಮೇಲೆ ಅನ್ನಕ್ಕೆ ಹಾಕಿಕೊಂಡೆ, ಆಮೇಲೆ ಮತ್ತೆ ಲೋಟದಲ್ಲಿ. ಈ ವರ್ಷದ ಮಿಡಿ ಶುರುವಾಗಿದ್ದೇ ಆ ವಾರ. ಹೊಳೆಯಂಚಿನ ಮರದ್ದು, ಮುರಿದರೆ ಸೊನೆ ಚಿಮ್ಮಿ ಕೋಣೆ ತುಂಬ ಪರಿಮಳ. ಅಮ್ಮ, ಅಂದರೆ ಭಟ್ಟರ ಹೆಂಡತಿ, ಮೊದಲ ಭರಣಿ ಹಾಕಲು ಮಿಡಿಗಳನ್ನು ಒರೆಸಿ ಹರಡಿದ್ದರು. ತೊಟ್ಟು ಒಂದೇ ಅಳತೆಗೆ ಕತ್ತರಿಸಿದ್ದರು.

"ಉಪ್ಪೇ ಸರಿ ಸಿಕ್ತಿಲ್ಲೆ ತಂಗೀ" ಅಂದರು ನನಗೆ. "ಪ್ಯಾಕೆಟ್ಟಿನ ಪುಡಿ ಉಪ್ಪು ಹಾಕಿದ್ರೆ ಮಿಡಿ ಮೆತ್ತಗಾಗ್ತು. ಹರಳುಪ್ಪೇ ಆಯಕ್ಕು. ಮುಂಚೆ ಸಾಣಿಕಟ್ಟೆದು ಬರ್ತಿತ್ತು."

ಅಪ್ಪ ಕೈ ತೊಳೆಯದೆಯೇ ಕಾರಿನ ಕಡೆ ಓಡಿದ.

ಡಿಕ್ಕಿಯಿಂದ ಒಂದು ಚೀಲ ಉಪ್ಪು ಬಂತು. ಕೊಳಗ ಬಂತು. ಜಗಲಿಯ ಮೇಲೆ ಹಳೆ ಚಾಪೆ ಹಾಸಿ ಅಳೆಯಲು ಕೂತ. ಅಳೆಯುವ ಅಗತ್ಯ ಏನಿತ್ತು, ಚೀಲದ ಮೇಲೆಯೇ ಹತ್ತು ಕಿಲೊ ಅಂತ ಇತ್ತು. ಆದರೂ ಅಳೆದ. ಕೊಳಗದ ಬಾಯಿ ತುಂಬಿತು. ನಿಲ್ಲಿಸಲಿಲ್ಲ. ಎರಡು ಕೈಯಲ್ಲೂ ಸುರಿದ. ಗೋಪುರ ಎದ್ದಿತು, ಜಾರಿತು, ಮತ್ತೆ ಎದ್ದಿತು. ಚೀಲ ಖಾಲಿಯಾದ ಮೇಲೆ ಇನ್ನೊಂದು ಚೀಲ ತರಲು ನನಗೆ ಹೇಳಿದ.

"ಸಾಕು ಮಾರಾಯ್ರೇ, ಎಷ್ಟು ಕೊಡೂದು ಇದಕ್ಕೆ?" ಅಂದರು ಭಟ್ಟರು.

"ಬರ್ಕೊಳ್ಳಿ."

ಭಟ್ಟರು ಅಪ್ಪನ ಮುಖ ನೋಡಿದರು. ಆಮೇಲೆ ಕಿರ್ದಿಯ ಕೊನೆಯ ಖಾಲಿ ಪುಟ ಬಿಡಿಸಿ, ಮಗನ ಜೇಬಿನಿಂದ ಬಾಲ್ ಪೆನ್ನು ತಗೊಂಡು ತಾರೀಖು ಹಾಕಿದರು. ಉಪ್ಪು, ಕೊಳಗ ಒಂದು, ರಾಶಿ ಸಹಿತ.

"ಯಾರ ಹೆಸರಲ್ಲಿ?"

ಅಪ್ಪ ಬಾಯಿ ತೆರೆದ. ತನ್ನ ಹೆಸರು ಹೇಳುತ್ತಾನೆ ಅಂದುಕೊಂಡೆ.

"ಉಪ್ಪಿನ ದೋಣಿ ಅಂತ ಬರೀರಿ. ತದಡಿ."